ಹುಲಿಗೆಮ್ಮ ಸಿಸ್ಟರ್ ಕೊಯ್ದ ತಲೆಬಾಗಿಲು

ಯಾವ ಬಾಗಿಲ ಮುಂದೆ ನಿಂತರೂ ಹುಲಿಗೆಮ್ಮ ಸಿಸ್ಟರ್ ಮೊದಲು ಅದಕ್ಕೆ ಕಿವಿ ಹಚ್ಚುತ್ತಿದ್ದರು. ಬಡಿಯುವುದು, ಕೂಗುವುದು ಎಲ್ಲ ಆಮೇಲೆ. ಊರೂರು ತಿರುಗಿ ಹೆರಿಗೆ ಮಾಡಿಸಿದ ನರ್ಸಮ್ಮನಿಗೆ ಕಸುಬಿನಿಂದ ಅಂಟಿದ ಅಭ್ಯಾಸ ಅದು. ಒಳಗಿನ ನರಳಾಟ ಕೇಳಿಯೇ ಕೂಸು ಹೊರಬರಲು ಇನ್ನೆಷ್ಟು ಹೊತ್ತು ಎಂದು ಅಂದಾಜು ಮಾಡುತ್ತಿದ್ದರು. ಆದರೆ ನಿವೃತ್ತಿಯಾದ ಮೇಲೆ ಒಂದು ದಿನ ಕೊಟ್ಟೂರಿನ ಪ್ಲೈವುಡ್ ಅಂಗಡಿಯಲ್ಲಿ, ಗೋಡೆಗೆ ಒರಗಿಸಿದ ಹಲಗೆಗಳಿಗೆ ಒಂದೊಂದಾಗಿ ಕಿವಿ ಹಚ್ಚಿ ಬೆರಳಿನಿಂದ ಬಡಿಯತೊಡಗಿದಾಗ ಅಂಗಡಿಯವನ ಬಾಯಿ ತೆರೆದದ್ದು ತೆರೆದೇ ಇತ್ತು. ಜತೆಗೆ ಹೋಗಿದ್ದ ನನಗೆ ಮುಖ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

"ಇದರ ಹೊಟ್ಟಿ ಟೊಳ್ಳೈತಿ ನೋಡಪ. ಹೊರಗ ಮೈ ತುಂಬೇತಿ, ಒಳಗ ರಕ್ತಿಲ್ಲ" ಎಂದರು.

"ಅಮ್ಮಾರ, ಅದು ಬ್ರಾಂಡೆಡ್ ಮಾಲು ರೀ."

"ಆಗಲೇಳು. ಬ್ರಾಂಡೆಡ್ ಮಂದಿಗೂ ರಕ್ತ ಕಮ್ಮಿ ಇರತೈತಿ. ಎಷ್ಟು ಮಂದಿಗಿ ಕೆಂಪು ಗುಳಿಗಿ ಕೊಟ್ಟೀನಿ ನಾನು!"

ಅವರಿಗೆ ಬೇಕಾಗಿದ್ದದ್ದು ಅಡುಗೆಮನೆಯ ಕಪಾಟುಗಳಿಗೆ ಹೊಸ ಬಾಗಿಲು. ಮನೆ ಕಟ್ಟಿಸಿದಾಗ ಒಬ್ಬ ಫಿಟ್ಟರು ಹೊಳೆಯುವ ಕಾಗದ ಅಂಟಿಸಿದ ಹೊಟ್ಟಿನ ಹಲಗೆ ಕೂರಿಸಿ ಹೋಗಿದ್ದ. ಸಿಂಕಿನ ಕೆಳಗಿನವು ನೀರು ಕುಡಿದು ಊದಿದವು, ಮೇಲಿನವಕ್ಕೆ ಗೆದ್ದಲು ಹತ್ತಿತು. ಕಪಾಟಿನ ಗೂಡುಗಳು ಕಡಪ ಕಲ್ಲಿನವು, ಗಟ್ಟಿಯಾಗಿದ್ದವು. ಮುಂದಿನ ಬಾಗಿಲುಗಳನ್ನಷ್ಟೇ ಬದಲಿಸಬೇಕಿತ್ತು. ಬಡಿಗೇರನ್ನು ಕರೆಯೋಣ ಅಂದೆ.

"ಯಾಕ? ಈ ಸೀಮಿ ಕೂಸುಗಳನ್ನ ಹೊರಗ ತಗದ ಕೈಗೆ ನಾಕು ಫಳಿ ಕೂಡಸಾಕ ಬರಂಗಿಲ್ಲೇನು? ಮೊಬೈಲಿನ್ಯಾಗ ಒಬ್ಬ ಬಿಳಿ ಮನಷ್ಯ ದಿನಾ ಮಾಡಿ ತೋರಸ್ತಾನ. ಅವನ ಬಾಯಿ ತಿಳಿಯಂಗಿಲ್ಲ, ಕೈ ತಿಳೀತೈತಿ."

ಆ ವಾರ ಅವರ ಮನೆಗೆ ಹೋದವನು ಹಿತ್ತಿಲಲ್ಲಿ ಕಂಡದ್ದನ್ನು ನೋಡಿ ಅಲ್ಲೇ ನಿಂತೆ. ಅಂಗಡಿ ಅಂಗಡಿಗಳಿಂದ ಬೇಡಿ ತಂದ ಹಲಗೆಯ ತುಂಡುಗಳು ಸಾಲಾಗಿ ಬಕೆಟ್ಟುಗಳಲ್ಲಿ ಮುಳುಗಿದ್ದವು. ಪ್ರತಿಯೊಂದಕ್ಕೂ ಆಸ್ಪತ್ರೆಯ ಅಂಟುಪಟ್ಟಿ ಸುತ್ತಿ ಹೆಸರು ಬರೆದಿದ್ದರು. ಕೆಲವಕ್ಕೆ ಅರಿಸಿನ, ಕೆಲವಕ್ಕೆ ಕಾದ ಎಣ್ಣೆ. ಬೆಳಿಗ್ಗೆ ಸಂಜೆ ರೌಂಡ್ಸು. ಕನ್ನಡಕ ಏರಿಸಿ ಒಂದೊಂದನ್ನೇ ಎತ್ತಿ ಹಿಚುಕಿ ನೋಡಿ ಹಣೆಬರಹ ಹೇಳುತ್ತಿದ್ದರು.

"ಈ ಎಂ.ಡಿ.ಎಫ್. ಅಂತಾರಲ್ಲ, ಇದಕ ಬಾಣಂತಿ ಕಾಲಿನಂಗ ಬಾವು ಬಂದೈತಿ. ಪ್ಲಾಸ್ಟಿಕ್ಕಿಗೆ ನೀರಿನ ಭಯ ಇಲ್ಲ, ಬಿಸಿ ಸವಟು ತಾಗಿಸಿದ್ರ ಚರ್ಮ ಸುಲೀತೈತಿ. ಪ್ಲೈವುಡ್ಡು ಪರವಾಗಿಲ್ಲ, ಅಂಚು ಬಿಚ್ಚಿಕೆಂತೈತಿ."

"ಅಲ್ಯೂಮಿನಿಯಂ ಹಾಕ್ಸಿಬಿಡತ್ತಿ, ಏನೂ ಆಗಂಗಿಲ್ಲ."

"ಅದನ್ನ ನೋಡಿದ್ರ ಆಸ್ಪತ್ರಿ ಕಾಟು ನೆನಪಾಕ್ಕೈತಿ ಲೇ. ರಿಟೈರ್ ಆಗಿ ಅನ್ನ ಮಾಡ್ತಾ ಮಾಡ್ತಾ ಕಾಟು ನೋಡ್ಲೇನು?"

ನಾನು ಅವರನ್ನು 'ಅತ್ತಿ' ಅನ್ನುತ್ತಿದ್ದೆ. ಕೇರಿಯ ಮಕ್ಕಳೆಲ್ಲ ಹಾಗೇ ಕರೆಯುತ್ತಿದ್ದೆವು. ರಕ್ತಸಂಬಂಧವಿಲ್ಲ. ಹಡಗಲಿ ಕಡೆಯಿಂದ ನಮ್ಮೂರಿನ ಉಪಕೇಂದ್ರಕ್ಕೆ ನರ್ಸಾಗಿ ಬಂದವರು, ನಮ್ಮ ಕೇರಿಯಲ್ಲೇ ಮನೆ ಮಾಡಿಕೊಂಡು ಉಳಿದರು. ಗಂಡ ಬಹಳ ಹಿಂದೆಯೇ ತೀರಿದ್ದ, ಮಕ್ಕಳಿಲ್ಲ. ಜಾತಿ ನಮ್ಮದೇ. ಅಂದರೆ, ಊರ ಹೊರಗಿನ ಕೇರಿಯ ಜಾತಿ. ನಾನು ಆ ಕೇರಿಯ ಮೊದಲ ಪದವೀಧರ. ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ, ಪುಕ್ಕಟೆ ಬಂದದ್ದಲ್ಲ ಅದು. ಹಾಸ್ಟೆಲ್ಲಿನ ಮುದ್ದೆ ತಿಂದು, ರಜೆಯಲ್ಲಿ ಮೆಕ್ಕೆಜೋಳದ ಚೀಲ ಹೊತ್ತು ಓದಿದೆ. ಹತ್ತನೇ ತರಗತಿಗೇ ಬಿಡಿಸಬೇಕೆಂದಿದ್ದ ಅಪ್ಪನನ್ನು ಹುಲಿಗೆಮ್ಮ ಸಿಸ್ಟರ್ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಬೈದಿದ್ದರು: "ಆ ಹುಡುಗನ್ನ ದುಡಿಯಾಕ ಹಚ್ಚಿದಿ ಅಂದ್ರ, ಮುಂದ ನಿನಗ ಜ್ವರ ಬಂದಾಗ ನನ್ನ ಕಡೆ ಬರಬ್ಯಾಡ." ಅಪ್ಪ ಜ್ವರಕ್ಕೆ ಹೆದರಿದನೋ ಅವರಿಗೆ ಹೆದರಿದನೋ, ನಾನಂತೂ ಓದಿದೆ. ಈಗ ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲು ಮಾಸ್ತರ.

ಆಗ ನಾನೂ ಅಲ್ಲಿ ಮನೆ ಕಟ್ಟಿಸುತ್ತಿದ್ದೆ. ಗೋಡೆ ಎದ್ದಿತ್ತು, ಬಾಗಿಲು ಕಿಟಕಿ ಆಗಬೇಕಿತ್ತು. ಹೊಸ ಹಲಗೆಗಳೆಲ್ಲ ತಮ್ಮ ಪರೀಕ್ಷೆಯಲ್ಲಿ ಫೇಲಾದ ಮೇಲೆ ಅತ್ತಿ ಹಳೇ ತೇಗ ಹುಡುಕುವ ಮನಸ್ಸು ಮಾಡಿದರು. "ಇಬ್ಬರಿಗೂ ಆಕ್ಕೈತಿ ನಡಿ" ಎಂದು ನನ್ನ ಬೈಕು ಏರಿದರು. ಹರಪನಹಳ್ಳಿ ದಾರಿಯಲ್ಲಿ ಕೆಡವಿದ ಮನೆಗಳ ಮರಮುಟ್ಟು ಮಾರುವ ಅಡ್ಡೆಯೊಂದಿದೆ. ಕಂಬ, ತೊಲೆ, ಜಂತಿ, ಯಾರ್ಯಾರದೋ ಮನೆಯ ಕಿಟಕಿ ಎಲ್ಲ ಬಿಸಿಲಿಗೆ ಬಿದ್ದಿರುತ್ತವೆ.

ಅಡ್ಡೆಯ ಮೂಲೆಯಲ್ಲಿ ಬೇವಿನ ಮರಕ್ಕೆ ಒರಗಿಸಿದ್ದ ಜೋಡಿ ಕದಗಳನ್ನು ಕಂಡೆ. ಆಳೆತ್ತರಕ್ಕೂ ಮಿಕ್ಕ ತೇಗ, ಸಾಲುಸಾಲು ಗುಬ್ಬಿ ಮೊಳೆ, ಎರಡೂ ಕದಕ್ಕೆ ಎದುರುಬದುರಾಗಿ ಕೆತ್ತಿದ ಗಿಳಿ. ನಮ್ಮೂರ ಗೌಡರ ದೊಡ್ಡಮನೆಯ ತಲೆಬಾಗಿಲು ಅದು. ದೊಡ್ಡಮನೆಯ ಮಕ್ಕಳು ಹಳೇ ವಾಡೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿದ್ದು ಗೊತ್ತಿತ್ತು. ಬಾಗಿಲನ್ನೂ ಮಾರಿದ್ದಾರೆಂದು ಗೊತ್ತಿರಲಿಲ್ಲ.

ಆ ಹೊಸ್ತಿಲನ್ನು ನಮ್ಮವರಾರೂ ದಾಟಿರಲಿಲ್ಲ. ನಾನು ಬಿ.ಎ. ಪಾಸಾದ ದಿನ ಅಪ್ಪ ಊರಿಗೆಲ್ಲ ಸಕ್ಕರೆ ಹಂಚಿ, ಒಂದು ಪೊಟ್ಟಣ ಹಿಡಿದು ಅಲ್ಲಿಗೂ ಹೋಗಿದ್ದ. ಚಪ್ಪಲಿ ಬಿಟ್ಟು ದೂರ ನಿಂತು ಕೂಗಿ ಹೇಳಿದ. "ಅಲ್ಲೇ ಇಡು" ಎಂದು ಒಳಗಿನಿಂದ ದನಿ ಬಂತು. ಮರುದಿನ ನಾನು ಆ ದಾರಿಯಲ್ಲಿ ಹೋದಾಗ ಪೊಟ್ಟಣ ಇಟ್ಟಲ್ಲಿಯೇ ಇತ್ತು, ಇರುವೆ ಮುತ್ತಿದ್ದವು.

ಸಿಸ್ಟರಿನ ಕಥೆ ಇನ್ನೊಂದು ತರಹದ್ದು. ದೊಡ್ಡಮನೆಯ ಬಸಮ್ಮ ಗೌಡ್ತಿಯ ಹೆರಿಗೆಗಳನ್ನೆಲ್ಲ ಮಾಡಿಸಿದವರು ಅವರೇ. ಗಿಳಿಬಾಗಿಲ ಮುಂದೆ ನಿಂತು ತಾನು ಬಂದದ್ದು ತಿಳಿಸುವುದು, ಆಮೇಲೆ ಮನೆಯನ್ನು ಸುತ್ತುಹಾಕಿ ದನದ ಹಟ್ಟಿ ದಾಟಿ ಹಿತ್ತಿಲಿಂದ ಒಳಗೆ ಹೋಗುವುದು. ಕೂಸು ಹೊರಗೆ ಬಂದಮೇಲೆ ಬಂದ ದಾರಿಯಲ್ಲೇ ವಾಪಸು.

ಅಡ್ಡೆಯಲ್ಲಿ ಅವರು ಬಹಳ ಹೊತ್ತು ಆ ಕದಗಳ ಮುಂದೆ ನಿಂತರು. ಆಮೇಲೆ ಅಡ್ಡೆಯವನಿಗೆ, "ಇದನ್ನ ಹೊಳ್ಳಿಸಪ" ಅಂದರು.

"ಕೆತ್ತನಿ ಈ ಕಡೆ ಐತಿ ಅಮ್ಮಾರ."

"ಈ ಕಡೆ ನೋಡೀನಿ ನಾನು. ಆ ಕಡೆ ನೋಡಿಲ್ಲ."

ಇಬ್ಬರು ಆಳುಗಳು ಏದುಸಿರು ಬಿಡುತ್ತ ಹೊರಳಿಸಿದರು. ಒಳಮೈಗೆ ಕೆತ್ತನೆಯಿಲ್ಲ. ಒಂದು ಅಗಳಿ, ಅದರ ಸುತ್ತ ಕೈಯ ಜಿಡ್ಡು ಹತ್ತಿ ಕಪ್ಪಾದ ಮರ, ಕೆಳಗೆ ಯಾವುದೋ ಮಗು ಮೊಳೆಯಿಂದ ಗೀಚಿದ ಗೆರೆ.

"ಇಷ್ಟಽನಾ!" ಎಂದರು ಸಿಸ್ಟರ್. ಆಮೇಲೆ ಅದಕ್ಕೆ ಕಿವಿ ಹಚ್ಚಿ ಬಡಿದು, "ಗಟ್ಟಿ ಐತಿ. ತಗಂತೀನಿ" ಅಂದರು.

ನಾನು ಕೂಡಲೇ ಹೇಳಿದೆ, "ಅತ್ತಿ, ಇದು ನನಗ ಬೇಕು. ನನ್ನ ಹೊಸಾ ಮನಿಗೆ ತಲಬಾಗ್ಲ ಮಾಡ್ತೀನಿ. ಅಪ್ಪ ಇರಬೇಕಿತ್ತು, ನೋಡಾಕ."

ನನ್ನ ಕಣ್ಣ ಮುಂದೆ ಆ ಚಿತ್ರ ಆಗಲೇ ನಿಂತಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಮನೆ, ಅದಕ್ಕೆ ಆ ಗಿಳಿಬಾಗಿಲು, ಒಳಗೆ ನನ್ನ ಅವ್ವ. ನಮ್ಮೂರ ಮಂದಿ ಬಂದು ಗುರುತು ಹಿಡಿದು ಸುಮ್ಮನಾಗಬೇಕು.

"ನಿನಗ ಬಾಗ್ಲ ಬೇಕಿದ್ರ ಹೊಸಾದು ಮಾಡಿಸ್ಕ್ಯಳೋ ಮಾಸ್ತರ. ಇದು ನನ್ನ ಕಪಾಟಿಗೆ."

"ಕಪಾಟಿಗಾ? ಕೊಯ್ತೀಯಾ?"

"ಮತ್ತ, ಇಡೇ ಬಾಗ್ಲ ತಗಂಡು ಸಾಸವಿ ಡಬ್ಬಿಗೆ ಕಟ್ಲೇನು?"

ತಮಾಷೆ ಅಂದುಕೊಂಡೆ. ಕದಗಳು ಟ್ರ್ಯಾಕ್ಟರಿನಲ್ಲಿ ಅವರ ಮನೆಗೆ ಬಂದವು, ಅಂಗಳದಲ್ಲಿ ಇಟ್ಟಿಗೆಯ ಮೇಲೆ ಮಲಗಿದವು. ಮರುದಿನದಿಂದಲೇ ಸಿಸ್ಟರ್ ಮಣೆ ಹಾಕಿಕೊಂಡು ಕುಳಿತು ಇಕ್ಕಳದಿಂದ ಗುಬ್ಬಿ ಮೊಳೆ ಕೀಳತೊಡಗಿದರು. ಒಂದೊಂದು ಮೊಳೆಗೂ ಮೊದಲು ಕೊಬ್ಬರಿ ಎಣ್ಣೆ ಬಿಟ್ಟು, ನೆನೆಯಲು ಹೊತ್ತು ಕೊಟ್ಟು, ಆಮೇಲೆ ಅಲ್ಲಾಡಿಸಿ, "ಬಾರವ್ವ, ಬಾ, ಜೋರು ಮಾಡಬ್ಯಾಡ" ಎಂದು ಹೆರಿಗೆಯ ಕೋಣೆಯಲ್ಲಿ ಆಡುವಂತೆಯೇ ಆಡಿ ಎಳೆಯುತ್ತಿದ್ದರು. ಒಂದು ಮೊಳೆ ಉಳಿದರೂ ಗರಗಸದ ಹಲ್ಲು ಮುರಿಯುತ್ತದೆ ಎಂದು ಮೊಬೈಲಿನ ಬಿಳಿ ಮನುಷ್ಯ ತೋರಿಸಿದ್ದನಂತೆ.

ಸುದ್ದಿ ಊರಲ್ಲಿ ಹಬ್ಬಿತು. ಕೇರಿಯ ಹಿರಿಯರು ಬಂದು ನೋಡಿ ಸುಮ್ಮನೆ ತಲೆ ಕೆರೆದುಕೊಂಡರು. ಪ್ರತಿ ಅಮಾವಾಸ್ಯೆಗೆ ವಿಭೂತಿ ಕುಂಕುಮ ಹಚ್ಚಿಸಿಕೊಂಡ ಬಾಗಿಲು, ಅದನ್ನು ಕೊಯ್ದರೆ ಒಳ್ಳೆಯದಾಗುವುದಿಲ್ಲ ಎಂದು ಒಬ್ಬಾಕೆ ಹೇಳಿದರೆ, ಸಿಸ್ಟರ್ ಮೊಳೆಯಿಂದ ಕಣ್ಣೆತ್ತದೆ, "ಲಕ್ಷ್ಮಿ ಇದ್ದದ್ದು ಮ್ಯಾಲಿನ ತೊಲಿಗೆ. ಅದನ್ನ ಅವರು ಇಟ್ಕಂಡಾರ. ಇವು ಬರೀ ಗಿಳಿ" ಅಂದರು.

ಕೊಯ್ಯುವ ದಿನ ಭಾನುವಾರ. ಇನ್ನೊಂದು ತುದಿ ಹಿಡಿಯಲು ನನ್ನನ್ನೇ ಕರೆದಿದ್ದರು. ಕಡೆಯ ಸಲ ಬೇಡಿಕೊಳ್ಳೋಣವೆಂದು ಹೋದೆ. ಸಿಸ್ಟರ್ ಸೀಸದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದರು. ಗೆರೆ ಗಿಳಿಯ ಕೊರಳ ಮೇಲೆಯೇ ಹಾದಿತ್ತು.

ಅಷ್ಟರಲ್ಲಿ ಗೇಟಿನ ಹೊರಗೆ ಬಸಮ್ಮ ಗೌಡ್ತಿ ಬಂದು ನಿಂತರು. ಒಬ್ಬರೇ, ನಡೆದುಕೊಂಡು, ಬಿಸಿಲಲ್ಲಿ. ದೊಡ್ಡಮನೆಯ ಹೆಂಗಸು ನಮ್ಮ ಕೇರಿಯ ದಾರಿಯಲ್ಲಿ ನಡೆದು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಹುಲಿಗೆಮ್ಮ, ಅದನ್ನ ಕೊಯ್ಬ್ಯಾಡ" ಎಂದರು ಗೌಡ್ತಿ.

"ಮಾರಿದವರು ನಿಮ್ಮ ಮಕ್ಕಳಲ್ಲೇನ್ರಿ, ಗೌಡ್ತಮ್ಮಾರ?"

"ಅವರು ಮಾರ್ಯಾರ. ನನ್ನ ಕೇಳ್ಯಾರೇನು? ಮದಿವ್ಯಾದ ದಿನ ಅದರಾಗ ಹಾದು ಒಳಗ ಬಂದಾಕಿ ನಾನು. ಆಮ್ಯಾಲ ಹೊರಗ ಬರಬೇಕಂದ್ರ ಎಲ್ಲಾರನ್ನೂ ಕೇಳಬೇಕಿತ್ತು. ಅದರ ಹಿಂದ ನಿಂತು ಮುದುಕಿ ಆದೆ. ಕೊಯ್ಬ್ಯಾಡ."

"ಒಳಗ ಬರ್ರಿ. ಕುಂತು ಮಾತಾಡಣ."

"ಇಲ್ಲ, ಇಲ್ಲೇ ನಿಂದ್ರತೀನಿ."

"ಬೀದ್ಯಾಗ ನಿಂತು ಆಡಿದ ಮಾತು ಗರಗಸದ ಸಪ್ಪಳದಾಗ ನನಗ ಕೇಳಂಗಿಲ್ಲ. ಒಳಗ ಬಂದು 'ಬ್ಯಾಡ' ಅನ್ರಿ, ಇಡೇ ಬಾಗ್ಲ ನಿಮ್ಮ ಮನಿಗೆ ಹೊರಿಸಿ ಕಳಸ್ತೀನಿ."

ಗೇಟು ತೆರೆದೇ ಇತ್ತು. ಗೌಡ್ತಿ ಅದರ ಕಂಬಿ ಹಿಡಿದರು, ಕಾಲು ಎತ್ತಿದಂತೆ ಮಾಡಿದರು. ಒಳಗೆ ಬಂದರೆ ಬಾಗಿಲು ಉಳಿಯುತ್ತದೆ, ಆದರೆ ದೊಡ್ಡಮನೆಗೇ ವಾಪಸು ಹೋಗುತ್ತದೆ. ಬಾರದಿದ್ದರೆ ಯಾರಿಗೂ ಇಲ್ಲ. ಅವರ ಕೇಳಿಕೆಯೂ ನನ್ನ ಕೇಳಿಕೆಯೂ ಒಂದೇ ಎಂದು ನನಗೆ ಆಗ ಹೊಳೆಯಿತು. ಆಕೆ ಸೆರಗು ಸರಿಮಾಡಿಕೊಂಡು ಬಂದ ದಾರಿಗೆ ತಿರುಗಿದರು.

"ಹಿಡಿ" ಎಂದರು ಸಿಸ್ಟರ್.

"ಅತ್ತಿ, ಅವರಿಗೆ ಬ್ಯಾಡ, ನನಗ ಕೊಡು. ನಿನ್ನ ಕಪಾಟಿಗೆ ನಾನು ಬ್ಯಾರೆ ತೇಗ ತಂದು ಹಾಕ್ತೀನಿ."

ಅವರು ಸೀಸದ ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನನ್ನು ನೋಡಿದರು.

"ಬಾಗ್ಲ ಬರೀ ತೆರಿಯಾಕ ಮಾಡ್ತಾರೇನು? ನಿಲ್ಸಾಕ ಮಾಡ್ತಾರ. ನನ್ನ ನಿಲ್ಲಿಸ್ತು, ನಿಮ್ಮಪ್ಪನ್ನ ನಿಲ್ಲಿಸ್ತು. ನಿನ್ನ ಮನಿಗೆ ಹಾಕಿ ಯಾರನ್ನ ನಿಲ್ಲಿಸ್ತಿ ಹೇಳು?"

"ಯಾರನ್ನೂ ಇಲ್ಲ."

"ಹಂಗಾರ ಅಷ್ಟು ದೊಡ್ಡದು ಯಾತಕ? ನನ್ನ ಅಡಿಗಿಮನ್ಯಾಗ ಜಿರಳಿ ಅದಾವು. ಅವನ್ನ ನಿಲ್ಲಿಸ್ಲಿ."

ಗರಗಸ ಹಿಡಿದೆ. ಹಳೇ ತೇಗ ಕೊಯ್ಯುವಾಗ ಎಣ್ಣೆಯ ವಾಸನೆ ಬರುತ್ತದೆ, ಈಗಷ್ಟೇ ಕಡಿದ ಮರದಂತೆ. ಅಷ್ಟು ಮಂದಿಯನ್ನು ಹೊರಗೆ ನಿಲ್ಲಿಸಿದ ಮರದ ಒಳಗು ಹೊಂಬಣ್ಣದ್ದಾಗಿತ್ತು. ಗಿಳಿಯ ತಲೆ ಕಳಚಿ ನನ್ನ ಕಾಲ ಬಳಿ ಬಿತ್ತು. ನನಗೆ ಅವರ ಮಾತು ಆವತ್ತು ಒಪ್ಪಿಗೆಯಾಗಲಿಲ್ಲ, ಇವತ್ತಿಗೂ ಪೂರ್ತಿ ಆಗಿಲ್ಲ. ನಿಲ್ಲಿಸಲು ಬೇಕಾದ ಬಾಗಿಲು ಬೇರೆ, ತೋರಿಸಲು ಬೇಕಾದ ಬಾಗಿಲು ಬೇರೆ. ನಮ್ಮಂಥವರಿಗೆ ತೋರಿಸುವುದಕ್ಕೂ ಏನಾದರೂ ಬೇಕು.

ಮುಂದಿನದೆಲ್ಲ ಅವರೊಬ್ಬರೇ ಮಾಡಿದರು. ಕೆತ್ತನೆಯಿಲ್ಲದ ಒಳಮೈಗೆ ಉಜ್ಜುಗೊರಡು ಹಿಡಿದು ದಪ್ಪ ಇಳಿಸಿದರು, ಮರಳು ಕಾಗದ ತಿಕ್ಕಿದರು, ಅಗಸೆ ಎಣ್ಣೆ ಉಣಿಸಿದರು. ಕಪಾಟುಗಳಿಗೆಲ್ಲ ಕೂರಿಸಿದ ಮೇಲೆ ನನ್ನನ್ನು ಕರೆದು ತೋರಿಸಿದರು. ನೋಡಿದವನಿಗೆ ಇನ್ನೊಂದು ಆಘಾತ. ತುಂಡುಗಳನ್ನು ಮೊದಲಿದ್ದ ಕ್ರಮದಲ್ಲಿ ಜೋಡಿಸಿದ್ದರೆ ಗೋಡೆಯ ತುಂಬ ಗಿಳಿಗಳು ಮತ್ತೆ ಮೂಡುತ್ತಿದ್ದವು. ಇಲ್ಲಿ ಒಂದರ ಬಾಲ ಒಲೆಯ ಬಲಕ್ಕೆ, ಕೊಕ್ಕು ಸಿಂಕಿನ ಕೆಳಗೆ. ಇನ್ನೊಂದು ತಲೆಕೆಳಗಾಗಿ ನೇತಿತ್ತು.

"ಜೋಡಿ ತಪ್ಪೈತಲ್ಲತ್ತಿ!"

"ತಪ್ಪಿಲ್ಲ, ತಪ್ಪಿಸೀನಿ. ಕೂಡಿಸಿದ್ರ ಮತ್ತ ಬಾಗ್ಲ ಆಕ್ಕೈತಿ."

ನನ್ನ ಗೃಹಪ್ರವೇಶಕ್ಕೆ ಅವರು ಕೊಟ್ಟೂರಿನಿಂದ ಮಂಡಕ್ಕಿ ಚೀಲ ಹೊರಿಸಿಕೊಂಡು ಬಂದರು. ಬಾಗಿಲಿಗೆ ಅಂಗಡಿಯ ರೆಡಿಮೇಡ್ ಕದ ಹಾಕಿಸಿದ್ದೆ. ಅದನ್ನು ಹಿಂದೆ ಮುಂದೆ ಸವರಿ ನೋಡಿ, "ಚಲೋ ಐತಿ ಲೇ. ಹೊಸಾದು. ಇದರ ಮುಂದ ಯಾರೂ ಅತ್ತಿಲ್ಲ" ಎಂದು ಹೇಳಿ, ನೇರ ಒಳಗೆ ಹೋಗಿ ಅವ್ವನ ಪಕ್ಕ ಕುಳಿತು ಎಲೆಯಡಿಕೆ ಕೇಳಿದರು. ಸಂಜೆ ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ಕೈ ಹೊರಗೆ ಹಾಕಿ ಏನೋ ಕೂಗಿದರು. ಬಸ್ಸಿನ ಸದ್ದಿನಲ್ಲಿ ಕೇಳಲಿಲ್ಲ.

ಅದೇ ಕೊನೆ. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಶಾಲೆಯಲ್ಲಿ ಪ್ರಾರ್ಥನೆ ನಡೆದಿರುವಾಗ ಫೋನು ಬಂತು. ರೊಟ್ಟಿ ಬಡಿಯುತ್ತ ಕುಳಿತವರು ಹಾಗೇ ವಾಲಿದರಂತೆ. ಎಷ್ಟೋ ಮಂದಿಯ ಬಿ.ಪಿ. ನೋಡಿದವರು ತಮ್ಮದನ್ನು ಯಾವಾಗ ನೋಡಿಕೊಂಡಿದ್ದರೋ.

ಮಣ್ಣು ಮಾಡಿ ಬಂದವರು ಸತ್ತವರ ಮನೆಯ ದೀಪ ನೋಡಿ ಹೋಗುವುದು ನಮ್ಮ ಕಡೆಯ ಪದ್ಧತಿ. ಕೈಕಾಲು ತೊಳೆದು ಒಳಗೆ ಬಂದರೆ ದೀಪ ಸಣ್ಣಗಾಗಿತ್ತು, ಎಣ್ಣೆ ತೀರುತ್ತ ಬಂದಿತ್ತು. ಹಡಗಲಿಯಿಂದ ಬಂದ ಅವರ ತಂಗಿಯ ಮಗಳು ಸುಜಾತ ಅಳುತ್ತಲೇ, "ದೊಡ್ಡವ್ವ ಎಣ್ಣಿ ಎಲ್ಲಿಟ್ಟಾಳೋ, ನನಗೊಂದೂ ಗೊತ್ತಿಲ್ಲ. ನೀವು ನೋಡ್ರಿ ಸರ" ಎಂದಳು. ದೀಪ ಆರಬಾರದು. ಓಡಿ ಅಡುಗೆಮನೆಗೆ ಹೋದೆ.

ಒಂದು ಕಪಾಟು ತೆರೆದೆ, ಬೇಳೆ. ಇನ್ನೊಂದು, ಪಾತ್ರೆ. ಒಲೆಯ ಬಲಗಡೆಯದನ್ನು ಎಳೆದೆ, ಬರಲಿಲ್ಲ. ಜೋರಾಗಿ ಎಳೆದೆ. ಮರ ಕಲ್ಲಿಗೆ ಕಚ್ಚಿಕೊಂಡಿತ್ತು.

"ಆ ಕಡೆ ಸರಿಯಪ್ಪ ಮಾಸ್ತರ."

ಹೊರಳಿದೆ. ಬಸಮ್ಮ ಗೌಡ್ತಿ. ಬರಿಗಾಲಲ್ಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಿಸ್ಟರಿನ ಅಡುಗೆಮನೆಯ ನಡುವೆ ನಿಂತಿದ್ದರು. ಆಕೆ ನನ್ನನ್ನು ದಾಟಿ ಮುಂದೆ ಬಂದು, ಆ ಬಾಗಿಲಿನ ಕೆಳಗಂಚಿಗೆ ಅಂಗೈ ಕೊಟ್ಟು, ತುಸು ಮೇಲಕ್ಕೆತ್ತಿ, ಹಗುರಾಗಿ ಎಳೆದರು. ಸದ್ದಿಲ್ಲದೆ ತೆರೆಯಿತು. ಒಳಗೆ ಕಣ್ಣು ಹಾಯಿಸದೆಯೇ ಕೈ ಹಾಕಿ ಎಣ್ಣೆಯ ಡಬ್ಬಿ ತೆಗೆದರು. ಪಕ್ಕದ ಕಪಾಟನ್ನು ಅದೇ ರೀತಿ ಎತ್ತಿ ತೆರೆದು ಬತ್ತಿಯ ಹತ್ತಿಯನ್ನೂ ತೆಗೆದರು.

"ಭಾರ ಆಗಿ ಜೋತು ಬಿದ್ದೈತಿ, ಎತ್ತಿ ಎಳೀಬೇಕು" ಎಂದರು. "ಕೀಲು ಬದಲ್ಸು, ಕೀಲು ಬದಲ್ಸು ಅಂತ ಬಂದಾಗೊಮ್ಮೆ ಹೇಳ್ತಿದ್ದೆ. ಎಲ್ಲಿ ಕೇಳ್ತಾಳ."

ಕಪಾಟಿನ ಬಾಗಿಲನ್ನು ಹಾಗೇ ತೆರೆದಿಟ್ಟು ಆಕೆ ದೀಪದ ಕಡೆಗೆ ಹೋದರು.